ಹೆಸರಿಗೆ ಅಂಟಿದ ‘ನ್’

ನಾನು ಮಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಮನೆ ಗಡಿಯಾಚೆ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ಬೆಳಿಗ್ಗೆ ಕುಂಬಳೆಯಲ್ಲಿ ರೈಲು ಹತ್ತಿದರೆ ರಾತ್ರಿಯೇ ಮನೆ. 2019ರಲ್ಲಿ ಕಣ್ಣೂರಿನಲ್ಲಿ ಕೆಲಸ ಸಿಕ್ಕಿತು. ಇನ್ನು ಮೇಲೆ ನನ್ನ ರೈಲು ತೆಂಕು ದಿಕ್ಕಿಗೆ. ಮಂಗಳೂರಿನಲ್ಲಿ ಒಂದು ಸಹಿ ಬಾಕಿ ಉಳಿದರೂ ಅದಕ್ಕೆ ಒಂದು ರಜೆ ದಂಡ. ಆದ್ದರಿಂದ ರಾಜೀನಾಮೆ ಬರೆಯುವ ಮೊದಲೇ ಕಾಗದಪತ್ರಗಳನ್ನು ಚಾವಡಿಯಲ್ಲಿ ಹರಡಿಕೊಂಡು ಕುಳಿತೆ.

ಕೈಗೆ ಬಂದ ಮೊದಲ ಕಾಗದ ನೇಮಕಾತಿ ಪತ್ರ. 2014ರ ಜುಲೈ 2 ಎಂದಿತ್ತು. ಕಣ್ಣೂರಿನವರು ಮೇ ಕೊನೆಗೇ ಬರಬೇಕು ಎನ್ನುತ್ತಿದ್ದರು. ಹಾಗೆ ಹೋಗಿದ್ದರೆ ಐದು ವರ್ಷಕ್ಕೆ ಐದು ವಾರ ಕಡಿಮೆ. ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿ ಹಣಕ್ಕೆ ಐದು ವರ್ಷದ ಸೇವೆ ತುಂಬಬೇಕು. ಆಗ ಅದರ ಲೆಕ್ಕ ಸರಳ: ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಬೇಕಿತ್ತು. ನನ್ನದು 26,000 ಇದ್ದುದರಿಂದ ವರ್ಷಕ್ಕೆ 15,000, ಐದು ವರ್ಷಕ್ಕೆ 75,000 ರೂಪಾಯಿ. ಐದನೆಯ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದುಂಟು. ಆದರೆ ತೀರ್ಪಿನ ಪ್ರತಿ ಹಿಡಿದುಕೊಂಡು ಹಳೆಯ ಕಚೇರಿಯ ಬಾಗಿಲಲ್ಲಿ ವಾದಿಸುವ ಆಸಾಮಿ ನಾನಲ್ಲ. ಜುಲೈ ನಡುವಿಗೆ ಬರುತ್ತೇನೆ ಎಂದೆ, ಅವರು ಒಪ್ಪಿದರು. ಕೇಳದೆ ಇದ್ದಿದ್ದರೆ ಯಾರೂ ತಾವಾಗಿ ಕೊಡುತ್ತಿರಲಿಲ್ಲ.

ನಿಜವಾದ ತಲೆನೋವು ಭವಿಷ್ಯನಿಧಿಯದು, ಅಂದರೆ ಪಿಎಫ್‌ನದು. ಹಣ ವರ್ಗಾಯಿಸಬೇಕಾದರೆ ಪಿಎಫ್ ಖಾತೆಯ ಹೆಸರಿಗೂ ಆಧಾರ್ ಹೆಸರಿಗೂ ತಾಳೆಯಾಗಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ನಾನು ‘ನಾರಾಯಣ ಕೆ.’ ಪ್ಯಾನ್ ಕಾರ್ಡಿನಲ್ಲೂ ಪಿಎಫ್‌ನಲ್ಲೂ ಹಾಗೆಯೇ. ಆಧಾರ್‌ನಲ್ಲಿ ಮಾತ್ರ ‘ನಾರಾಯಣನ್ ಕೆ.’ ಶಿಬಿರದಲ್ಲಿ ಹೆಸರು ಟೈಪು ಮಾಡಿದ ಹುಡುಗ ಮಲಯಾಳದ ವಾಡಿಕೆಯಂತೆ ಒಂದು ‘ನ್’ ಅಂಟಿಸಿದ್ದ. ನಮ್ಮ ಊರಿನಲ್ಲಿ ಇದು ಹೊಸತಲ್ಲ, ಪಕ್ಕದ ಮನೆಯ ಮಾಧವಣ್ಣನೂ ಕಾಗದದಲ್ಲಿ ಮಾಧವನ್. ಇಷ್ಟು ವರ್ಷ ನಕ್ಕು ಸುಮ್ಮನಿದ್ದೆ.

ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರದ ಹುಡುಗಿ ಪರದೆ ನೋಡಿ, “ಏಟ್ಟಾ (ಅಣ್ಣಾ), ಪಿಎಫ್ ಹೆಸರನ್ನೇ ಆಧಾರ್‌ನಂತೆ ಮಾಡಿಸಿದರೆ ಸುಲಭವಲ್ಲವೇ?” ಎಂದು ಮಲಯಾಳದಲ್ಲಿ ಕೇಳಿದಳು. ಆಗ ಪ್ಯಾನ್ ಹೊಂದುವುದಿಲ್ಲ, ಆಮೇಲೆ ಬ್ಯಾಂಕು. ಒಂದು ‘ನ್’ಗಾಗಿ ಮೂರು ಕಡೆ ಅಲೆಯುವ ಬದಲು ಅದನ್ನೇ ಕಿತ್ತು ಹಾಕಿಸಿದೆ. (ಆಧಾರ್‌ನಲ್ಲಿ ಹೆಸರು ಬದಲಿಸಲು ಈಗ ಆಯುಷ್ಯದಲ್ಲಿ ಎರಡೇ ಅವಕಾಶ; ಅಕ್ಷರಗಳನ್ನು ನೋಡಿಕೊಂಡೇ ಹೂಂ ಎನ್ನಿ.) ತಿದ್ದಿದ ಆಧಾರ್ ಬಂದ ಮೇಲೆಯೇ ರಾಜೀನಾಮೆ ಕೊಟ್ಟೆ.

“ಪಿಎಫ್ ದುಡ್ಡು ತೆಗೆದುಬಿಡಿ ನಾರಾಯಣರೇ, ಮನೆಯ ಹೆಂಚು ಬದಲಿಸಬಹುದು” ಎಂದು ಸಹೋದ್ಯೋಗಿಗಳು ಹೇಳದೆ ಇರಲಿಲ್ಲ. ಆದರೆ ಪಿಎಫ್ ಜೊತೆಗೇ ಇರುವ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಪಿಂಚಣಿಯ ಪಾಲನ್ನೂ ತೆಗೆದರೆ ನನ್ನ ಐದು ವರ್ಷ ನೀರಿಗೆ ಹಾಕಿದಂತೆ. ಆಗ ಕೆಲಸ ಬಿಟ್ಟ ದಿನಾಂಕವನ್ನು ಪಿಎಫ್‌ನಲ್ಲಿ ನಮೂದಿಸಬೇಕಾದವರು ಹಳೆಯ ಕಂಪನಿಯವರೇ. ನನಗಿಂತ ಮೊದಲು ಬಿಟ್ಟ ಒಬ್ಬರ ದಿನಾಂಕ ಎಂಟು ತಿಂಗಳು ಖಾಲಿ ಬಿದ್ದಿದ್ದನ್ನು ಕಂಡಿದ್ದೆ. ಕೊನೆಯ ವಾರ ದಿನಕ್ಕೆರಡು ಸಲ ಮಾನವ ಸಂಪನ್ಮೂಲ ವಿಭಾಗದ ಮೇಜಿನ ಮುಂದೆ ನಿಲ್ಲುತ್ತಿದ್ದೆ. ಕಾಟ ತಡೆಯಲಾರದೆ, ಕೊನೆಯ ವಂತಿಗೆ ಕಟ್ಟಿದ ದಿನವೇ ನಮೂದಿಸಿದರು. ಕಣ್ಣೂರಿನಲ್ಲಿ, ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಯಾದ ನನ್ನ ಹಳೆಯ ಯುಎಎನ್ ಅನ್ನೇ ಕೊಟ್ಟೆ.

ಅಲ್ಲೇ 12ಬಿ ನಮೂನೆಯಲ್ಲಿ ಮಂಗಳೂರಿನ ಸಂಬಳವನ್ನೂ ತಿಳಿಸಿದೆ. ಇಲ್ಲದಿದ್ದರೆ ಎರಡೂ ಕಡೆಯವರು ತೆರಿಗೆ ವಿನಾಯಿತಿ ಕೊಟ್ಟುಬಿಡುತ್ತಾರೆ, ರಿಟರ್ನ್ಸ್ ಸಲ್ಲಿಸುವಾಗ ಬಡ್ಡಿಯೊಂದಿಗೆ ಕೈಯಿಂದ ಕಟ್ಟಬೇಕು. ಎಡವಿದ್ದು ವಿಮೆಯಲ್ಲಿ. ಕಂಪನಿಯ ಆರೋಗ್ಯ ವಿಮೆ ಕೊನೆಯ ದಿನಕ್ಕೇ ಮುಗಿಯಿತು, ಹೊಸ ಕಂಪನಿಯದರಲ್ಲಿ ಅಪ್ಪನಿಗೆ ಜಾಗವಿರಲಿಲ್ಲ. ಅವರಿಗೆ ಬೇರೆ ಪಾಲಿಸಿ ಆಗುವವರೆಗೆ, ರಾತ್ರಿ ಅವರು ಕೆಮ್ಮಿದರೆ ನಾನು ಎದ್ದು ಕುಳಿತುಕೊಳ್ಳುತ್ತಿದ್ದೆ.

ಕಣ್ಣೂರಿನಲ್ಲಿ ಮೂರನೆಯ ದಿನ ಗುರುತಿನ ಚೀಟಿ ಕೈಗೆ ಬಂತು. ‘ನಾರಾಯಣನ್ ಕೆ.’ ಎಂದಿತ್ತು. ಕೊರಳಿಗೆ ಹಾಕದೆ ಹಿಂದಿರುಗಿಸಿದೆ.