ಗೆರೆ ಎಳೆದಿದ್ದು ಪಾರ್ಕಿನಲ್ಲಿ, ಕಾಡುಬೆಕ್ಕು ಹೋಗಿದ್ದು ಮೋರಿಯಲ್ಲಿ

ನಾನು ಮಾಡಿದ ಮೊದಲ ಕಾರಿಡಾರ್ ನಕ್ಷೆ, ಅಂದರೆ ಕಾಡುಪ್ರಾಣಿಗಳು ಊರು ದಾಟಿ ಓಡಾಡುವ ದಾರಿಯ ನಕ್ಷೆ, ನೋಡೋಕೆ ಬಹಳ ಚೆನ್ನಾಗಿತ್ತು. ನಗರದ ಒಂದು ಅಂಚಿನಲ್ಲಿ ಕುರುಚಲು ಗುಡ್ಡ, ಇನ್ನೊಂದು ಅಂಚಿನಲ್ಲಿ ಜೌಗು ನೆಲ. ನಡುವೆ ಊರು. ಊರಿನೊಳಗೆ ಅಲ್ಲಲ್ಲಿ ಉಳಿದುಕೊಂಡ ಎರಡು ಸಣ್ಣ ತೋಪು. ಸ್ಯಾಟಲೈಟ್ ಚಿತ್ರ ತೆರೆದು, ಹಸಿರು ಕಂಡಲ್ಲೆಲ್ಲ ಚುಕ್ಕಿ ಇಟ್ಟು, ಪಾರ್ಕಿನಿಂದ ಪಾರ್ಕಿಗೆ ದಪ್ಪ ಗೆರೆ ಎಳೆದೆ. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ನನಗೂ ಖುಷಿಯಾಯಿತು.

ಆಮೇಲೆ ಆ ಗೆರೆಯ ಉದ್ದಕ್ಕೂ ಆರು ಕ್ಯಾಮೆರಾ ಟ್ರ್ಯಾಪ್ (ಎದುರು ಏನಾದರೂ ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಕಟ್ಟಿದೆವು. ಎರಡು ತಿಂಗಳಲ್ಲಿ ಸಿಕ್ಕಿದ್ದು ಬೀದಿನಾಯಿಗಳು, ಬೆಳಗಿನ ವಾಕಿಂಗಿನವರ ಕಾಲು, ಒಮ್ಮೆ ಒಂದು ಮುಂಗುಸಿ. ಅಷ್ಟೇ. ಪಾರ್ಕು ಹಸಿರಾಗಿತ್ತು ನಿಜ. ಆದರೆ ಅದು ಕತ್ತರಿಸಿದ ಹುಲ್ಲಿನ ಹಸಿರು. ಅಡಗಲು ಒಂದು ಪೊದೆ ಇಲ್ಲ, ರಾತ್ರಿಯಿಡೀ ದೀಪ, ಸುತ್ತಲೂ ಕಾಂಪೌಂಡು. ಹೆದರುವ ಪ್ರಾಣಿಗೆ ಅದು ಬಯಲೇ.

ಕಾಡುಬೆಕ್ಕು ಎಲ್ಲಿ ಹೋಗುತ್ತದೆ ಅಂತ ಹೇಳಿದ್ದು ಒಂದು ಪಂಪ್‌ಹೌಸಿನ ರಾತ್ರಿ ಪಾಳಿಯವರು. ‘ಅದು ಪಾರ್ಕಿಗ್ಯಾಕೆ ಬರುತ್ತೆ ಸಾರ್? ಈ ಮೋರಿ ಒಳಗೇ ಹೋಗುತ್ತೆ, ಮೋರಿ ಒಳಗೇ ಬರುತ್ತೆ’ ಅಂದರು. ಮಳೆನೀರಿನ ಕಾಲುವೆ ಅದು. ನಾಲ್ಕು ಮೀಟರ್ ಅಗಲ, ಕೆಟ್ಟ ವಾಸನೆ, ಎರಡೂ ಬದಿಗೆ ಜೊಂಡು ಮತ್ತು ಮುಳ್ಳುಗಿಡ. ನನ್ನ ನಕ್ಷೆಯಲ್ಲಿ ಅದು ಇರಲೇ ಇಲ್ಲ. ಇರೋದಾದರೂ ಹೇಗೆ? ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದ ಒಂದು ಚೌಕ ಅಂದರೆ ನೆಲದ ಮೇಲೆ 30 ಮೀಟರ್. ಸೆಂಟಿನೆಲ್-2 ಉಪಗ್ರಹ ಕೂಡ 10 ಮೀಟರಿಗಿಂತ ಸೂಕ್ಷ್ಮವಾಗಿ ನೋಡೋದಿಲ್ಲ. ನಾಲ್ಕು ಮೀಟರಿನ ಕಾಲುವೆ ಅದರಲ್ಲಿ ಕರಗಿಹೋಗುತ್ತದೆ. ಕಾಂಪೌಂಡು ಗೋಡೆಯಂತೂ ಕಾಣುವುದೇ ಇಲ್ಲ. ಊರಿನಲ್ಲಿ ಪ್ರಾಣಿಗೆ ದಾರಿ ಕೊಡೋದು ಕಾಲುವೆ, ದಾರಿ ಮುಚ್ಚೋದು ಗೋಡೆ. ಎರಡೂ ನನ್ನ ನಕ್ಷೆಯಲ್ಲಿ ಬಿಟ್ಟುಹೋಗಿದ್ದವು.

ಹಾಗಾಗಿ ಎಲ್ಲ ಅಳಿಸಿ ಮತ್ತೆ ಶುರು ಮಾಡಿದೆ. ಈ ಸಲ ಮೊದಲು ಕೇಳಿಕೊಂಡ ಪ್ರಶ್ನೆ, ಕಾರಿಡಾರ್ ಯಾರಿಗೆ? ‘ವನ್ಯಜೀವಿಗಳಿಗೆ’ ಅನ್ನೋದು ಉತ್ತರವಲ್ಲ. ನಾನು ಮೂರು ಪ್ರಾಣಿ ಆರಿಸಿಕೊಂಡೆ. ತೇವ ಬೇಕಾದ, ನಿಧಾನಕ್ಕೆ ಹೋಗುವ ಕಪ್ಪೆ. ನೆಲದ ಮೇಲೆ ಮರೆಯಲ್ಲಿ ನುಸುಳುವ ಕಾಡುಬೆಕ್ಕು. ಮರದಿಂದ ಮರಕ್ಕೆ ಹೋಗುವ ಅಳಿಲು. ಈ ಮೂರಕ್ಕೂ ದಾರಿ ಸಿಕ್ಕರೆ ಇನ್ನೂ ಎಷ್ಟೋ ಜೀವಿಗಳು ಅದರಲ್ಲೇ ಹೋಗುತ್ತವೆ. ಕಾರಿಡಾರ್ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಪಿ-22ರ ಕತೆ ಹೇಳುತ್ತೇನೆ. ಲಾಸ್ ಏಂಜಲೀಸಿನ ಎರಡು ದೊಡ್ಡ ಹೆದ್ದಾರಿ ದಾಟಿ ಗ್ರಿಫಿತ್ ಪಾರ್ಕಿಗೆ ಬಂದ ಗಂಡು ಪ್ಯೂಮಾ (ಬೆಕ್ಕಿನ ಜಾತಿಯ ದೊಡ್ಡ ಬೇಟೆ ಪ್ರಾಣಿ) ಅದು. 2012ರಲ್ಲಿ ಕ್ಯಾಮೆರಾಗೆ ಸಿಕ್ಕಿತು. ಹತ್ತು ವರ್ಷ ಅಲ್ಲೇ ಇತ್ತು, ತಿನ್ನೋಕೆ ಜಿಂಕೆ ಇದ್ದವು, ಜೋಡಿ ಮಾತ್ರ ಸಿಗಲಿಲ್ಲ. 2022ರ ಡಿಸೆಂಬರಿನಲ್ಲಿ ಸತ್ತಿತು. ಪ್ರಾಣಿ ಬದುಕಿದೆ ಅಂದ ಮಾತ್ರಕ್ಕೆ ಅದರ ಸಂತತಿಯೂ ಉಳಿಯುತ್ತದೆ ಅಂತಲ್ಲ.

ಮುಂದಿನ ಕೆಲಸ ‘ತಡೆ’ಯ ನಕ್ಷೆ. ಪ್ರತಿ ಚೌಕಕ್ಕೂ ಒಂದು ಅಂಕ. 1 ಅಂದರೆ ಸಲೀಸು, 100 ಅಂದರೆ ದಾಟೋದು ಬಹುತೇಕ ಆಗದ ಮಾತು. ಕಪ್ಪೆಗೆ ಟಾರು ರಸ್ತೆ 100, ಒಣ ಬಯಲು 70, ಕಾಲುವೆಯಂಚು 5. ಅಳಿಲಿಗೆ ಲೆಕ್ಕವೇ ಬೇರೆ, ಅದಕ್ಕೆ ಮರಗಳ ನಡುವಿನ ಅಂತರವೇ ತಡೆ. ಈ ಅಂಕಗಳು ಅಂದಾಜು, ಒಪ್ಪಿಕೊಳ್ಳೋಣ. ಅದಕ್ಕೇ ಅಂಕಗಳನ್ನು ಮೂರು ರೀತಿ ಬದಲಿಸಿ ಕಂಪ್ಯೂಟರಿನಲ್ಲಿ ಮೂರು ಸಲ ಲೆಕ್ಕ ಓಡಿಸಿದೆ. ಮೂರರಲ್ಲೂ ಒಂದೇ ಕಡೆ ಬಂದ ದಾರಿಯನ್ನು ಮಾತ್ರ ನಂಬಿದೆ. ಕಾಲುವೆ ಮತ್ತು ಗೋಡೆಗಳನ್ನು ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರಿನಲ್ಲಿ ಕೈಯಿಂದಲೇ ಬಿಡಿಸಿದೆ. ಬೇಸರದ ಕೆಲಸ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದೂ ಅದೇ.

ಮೊದಲು ‘ಅತಿ ಕಡಿಮೆ ಖರ್ಚಿನ ದಾರಿ’, ಅಂದರೆ ತಡೆಯ ಅಂಕಗಳ ಮೊತ್ತ ಎಲ್ಲಕ್ಕಿಂತ ಕಡಿಮೆ ಬರುವ ದಾರಿ, ಲೆಕ್ಕ ಹಾಕಿಸಿದ್ದೆ. ಅದರಲ್ಲಿ ಒಂದು ಮೋಸವಿದೆ. ಇಡೀ ಊರು ಕಾಂಕ್ರೀಟ್ ಆಗಿದ್ದರೂ ಅದು ಒಂದು ಗೆರೆ ಕೊಟ್ಟೇ ಕೊಡುತ್ತದೆ! ಇದ್ದುದರಲ್ಲಿ ವಾಸಿ ಅನ್ನೋದನ್ನು ಒಳ್ಳೆಯದು ಅಂದುಕೊಂಡುಬಿಡುತ್ತೇವೆ. ಆಮೇಲೆ ಸರ್ಕಿಟ್‌ಸ್ಕೇಪ್ ಅನ್ನೋ ಸಾಫ್ಟ್‌ವೇರಿಗೆ ಬಂದೆ. ಇದರ ಹಿಂದಿನ ವಿಚಾರ ಪರಿಸರ ವಿಜ್ಞಾನಿ ಬ್ರಾಡ್ ಮೆಕ್‌ರೇ ಅವರದು. ಭೂಮಿಯನ್ನು ವಿದ್ಯುತ್ ಸರ್ಕಿಟ್ ಥರ ನೋಡೋದು. ಒಂದು ಕಾಡಿನಿಂದ ಕರೆಂಟ್ ಬಿಟ್ಟರೆ ಅದು ಸಾಧ್ಯವಿರುವ ಎಲ್ಲ ದಾರಿಯಲ್ಲೂ ಹರಿಯುತ್ತದೆ. ದಾರಿ ಅಗಲ ಇದ್ದರೆ ತೆಳ್ಳಗೆ ಹರಡುತ್ತದೆ, ಬೇರೆ ದಾರಿ ಇಲ್ಲದ ಕಡೆ ಒಂದೇ ಕಡೆ ಒತ್ತರಿಸುತ್ತದೆ. ನಕ್ಷೆಯಲ್ಲಿ ಅಲ್ಲಿ ಕಡುಬಣ್ಣ. ನಾವು ಅದಕ್ಕೆ ‘ಇಕ್ಕಟ್ಟು’ ಅಂತ ಹೆಸರಿಟ್ಟೆವು. ಏಳು ಇಕ್ಕಟ್ಟು ಬಂದವು. ಮೂರು ಮೋರಿ (ಕಾಲುವೆ ರಸ್ತೆಯಡಿ ಹಾಯುವ ಕಡೆ), ಎರಡು ಖಾಲಿ ಸೈಟು, ಒಂದು ಉದ್ದನೆಯ ಗೋಡೆ, ಒಂದು ಮರಸಾಲು.

ಏಳಕ್ಕೂ ನಡೆದು ಹೋಗಿ ನೋಡಿದೆ. ಹೆಜ್ಜೆ ಗುರುತು, ಹಿಕ್ಕೆ, ಬೆಳಗಿನ ಜಾವ ರಸ್ತೆಯ ಮೇಲೆ ಸತ್ತು ಬಿದ್ದವು. ರಸ್ತೆ ಸಾವಿನ ಲೆಕ್ಕವನ್ನು ಬೆಳಕು ಹರಿಯುವ ಮೊದಲೇ ಮಾಡಬೇಕು. ತಡವಾದರೆ ಕಾಗೆ, ನಾಯಿ ಎತ್ತಿಕೊಂಡು ಹೋಗಿರುತ್ತವೆ, ಇಲ್ಲಾ ಚಕ್ರಕ್ಕೆ ಸಿಕ್ಕಿ ಗುರುತೇ ಇರೋದಿಲ್ಲ.

ಯಾವುದನ್ನು ಮೊದಲು ಹಿಡಿಯೋದು? ಚೆನ್ನಾಗಿರುವ ಜಾಗವನ್ನೇ ಮೊದಲು ಅಂತ ಅನೇಕರು ಹೇಳಿದರು. ನಾನು ಉಲ್ಟಾ ಯೋಚಿಸಿದೆ. ಕೈತಪ್ಪಿದರೆ ಮತ್ತೆ ಸಿಗದ ಜಾಗ ಮೊದಲು. ಮೋರಿ ಎಲ್ಲಿಗೂ ಓಡಿಹೋಗೋದಿಲ್ಲ, ಖಾಲಿ ಸೈಟು ಹೋಗುತ್ತದೆ. ಆದರೆ ಸೈಟಿನ ಮಾತುಕತೆ ಎಳೆಯುತ್ತಲೇ ಹೋಯಿತು, ಮೋರಿಗೆ ಒಪ್ಪಿಗೆ ಬೇಗ ಸಿಕ್ಕಿತು. ಕೊನೆಗೆ ಕೆಲಸ ಶುರುವಾಗಿದ್ದು ಮೋರಿಯಲ್ಲೇ.

ಆ ಮೋರಿಯ ತೊಂದರೆ ಮಳೆಗಾಲದ್ದು. ಬೇಸಿಗೆಯಲ್ಲಿ ನೆಲ ಒಣಗಿ ಬೆಕ್ಕು ಸಲೀಸಾಗಿ ಹೋಗುತ್ತದೆ. ನೀರು ಬಂದರೆ ಮೇಲೆ ಹತ್ತಿ ರಸ್ತೆ ದಾಟುತ್ತದೆ, ಅಲ್ಲೇ ಸಾಯುತ್ತದೆ. ಪರಿಹಾರ ಸರಳ, ಒಳಗೋಡೆಗೆ ಒಂದು ಕಟ್ಟೆ. ಅರ್ಧ ಮೀಟರ್ ಅಗಲ, ಸಾಮಾನ್ಯ ಮಳೆಯ ನೀರಿನ ಮಟ್ಟಕ್ಕಿಂತ ಮೇಲೆ. ಎಂಜಿನಿಯರ್ ತಕ್ಷಣ ಕೇಳಿದರು, ‘ನೀರು ಹೋಗೋ ಜಾಗ ಕಡಿಮೆ ಆಗಲ್ವಾ? ಊರೊಳಗೆ ನೀರು ನುಗ್ಗಿದರೆ ಯಾರು ಹೊಣೆ?’ ಸರಿಯಾದ ಪ್ರಶ್ನೆ. ಮೋರಿಗೆ ಎರಡು ಕಣ್ಣಿದ್ದವು. ಒಂದು ಕಣ್ಣಿನಲ್ಲಿ ಮಾತ್ರ, ಅದೂ ಗಟ್ಟಿ ಕಟ್ಟೆ ಅಲ್ಲ, ಕೆಳಗೆ ನೀರು ಹೋಗುವ ಹಾಗೆ ಗೋಡೆಗೆ ಕೂರಿಸಿದ ಹಲಗೆಯಂಥದ್ದು ಅಂತ ಒಪ್ಪಂದವಾಯಿತು. ಎರಡೂ ತುದಿಗೆ ಕಲ್ಲು ಜೋಡಿಸಿ ಇಳಿಜಾರು ಮಾಡಿದೆವು. ಇಳಿಜಾರು ಇಲ್ಲದಿದ್ದರೆ ಹಲಗೆ ಗೋಡೆಯಲ್ಲಿ ನೇತಾಡುವ ಶೆಲ್ಫು ಅಷ್ಟೇ.

ಕಪ್ಪೆಗೆ ಇದು ಸಾಲದು. ಅದಕ್ಕೆ ತೇವ ಬೇಕು, ಸ್ವಲ್ಪ ಬೆಳಕೂ ಬೇಕು. ಅಮೆರಿಕದ ಆಮ್ಹರ್ಸ್ಟ್‌ನಲ್ಲಿ 1987ರಲ್ಲಿ ಸಲಮಾಂಡರ್‌ಗಳಿಗೆ (ಕಪ್ಪೆಯ ಬಳಗದ, ಹಲ್ಲಿಯಂತೆ ಕಾಣುವ ಪ್ರಾಣಿ) ರಸ್ತೆಯಡಿ ಸುರಂಗ ಮಾಡಿದಾಗ ಮೇಲ್ಗಡೆ ಸೀಳು ಬಿಟ್ಟಿದ್ದರು, ಮಳೆನೀರು ಬೆಳಕು ಎರಡೂ ಒಳಗೆ ಬರಲಿ ಅಂತ. ನಾವೂ ಇನ್ನೊಂದು ಮೋರಿಯಲ್ಲಿ ಅದನ್ನೇ ಮಾಡಿದೆವು.

ಇನ್ನು ತಪ್ಪಿನ ವಿಷಯ. ಪ್ರಾಣಿಗಳನ್ನು ಮೋರಿಯ ಬಾಯಿಗೆ ತಿರುಗಿಸಲು ರಸ್ತೆಯ ಬದಿಗೆ ಜಾಲರಿ ಬೇಲಿ ಹಾಕಿಸಿದೆ. ಹಣ ಮುಗಿದ ಕಡೆ ಬೇಲಿಯೂ ಮುಗಿಯಿತು. ಒಂದು ಬದಿಗೆ ಮಾತ್ರ, ಅದೂ ತುಂಡು. ಪ್ರಾಣಿ ಬೇಲಿ ಹಿಡಿದು ನಡೆಯಿತು, ಮೋರಿಯ ಕಡೆ ಅಲ್ಲ, ಬೇಲಿ ಮುಗಿಯುವ ಕಡೆ. ಅಲ್ಲಿ ರಸ್ತೆ ತಿರುವು. ಮೊದಲು ಅಲ್ಲಿಷ್ಟು ಇಲ್ಲಿಷ್ಟು ಆಗುತ್ತಿದ್ದ ಸಾವು ಒಂದೇ ಕಡೆ ಆಗತೊಡಗಿತು. ಮೂರು ವಾರ ನೋಡಿ ಆ ಬೇಲಿಯನ್ನು ಬಿಚ್ಚಿಸಿದೆ. ನಾಚಿಕೆಯಾಯಿತು, ನಿಜ ಹೇಳಬೇಕಲ್ಲ. ಮರುವರ್ಷ ಎರಡೂ ಬದಿಗೆ ಹಾಕಿಸಿದೆವು, ತುದಿಗಳನ್ನು ರಸ್ತೆಯಿಂದ ಹಿಂದಕ್ಕೆ ಬಾಗಿಸಿ, ಬಂದ ಪ್ರಾಣಿ ತಿರುಗಿ ಪೊದೆಯ ಕಡೆಗೇ ಹೋಗುವ ಹಾಗೆ.

ಎರಡನೆಯ ತಪ್ಪು ದೀಪ. ಮೋರಿಯ ಬಾಯಿಗೆ ಸರಿಯಾಗಿ ಒಂದು ಬೀದಿದೀಪ ಇತ್ತು. ಹಗಲಲ್ಲೇ ಹೋಗಿ ನೋಡುತ್ತಿದ್ದ ನನಗೆ ಅದು ಹೊಳೆದೇ ಇರಲಿಲ್ಲ. ದೀಪ ತೆಗೆಯಿರಿ ಅಂತ ಕೇಳಬಾರದು, ಜನ ಓಡಾಡುವ ಜಾಗ ಅದು. ಕವಚ ಹಾಕಿ ಬೆಳಕು ರಸ್ತೆಗೆ ಮಾತ್ರ ಬೀಳುವಂತೆ ತಿರುಗಿಸಿದರೆ ಸಾಕಾಯಿತು.

ಗೋಡೆಯ ಮಾತುಕತೆಗೆ ಮಾತ್ರ ನಕ್ಷೆ ಏನೂ ಉಪಯೋಗಕ್ಕೆ ಬರಲಿಲ್ಲ. ಬ್ರಿಟನ್ನಿನಲ್ಲಿ ಹೆಡ್ಜ್‌ಹಾಗ್ ಅನ್ನೋ ಮೈತುಂಬ ಮುಳ್ಳಿನ ಸಣ್ಣ ಪ್ರಾಣಿಗಳಿಗೆ ಬೇಲಿಯಡಿ 13 ಸೆಂಟಿಮೀಟರ್ ಚೌಕದ ತೂತು ಬಿಡುತ್ತಾರೆ, ಅಷ್ಟೇ ಸಾಕು ಅಂತ ವಿವರಿಸಿದೆ. ಎದುರಿಗೆ ಕೂತಿದ್ದ ಅಜ್ಜಿಯೊಬ್ಬರು, ‘ಅದರಲ್ಲಿ ಹಾವು ಬಂದ್ರೆ ನೀನು ಬರ್ತೀಯೇನಪ್ಪಾ?’ ಅಂದರು. ಹಾವು ಬರೋದೇ ಇಲ್ಲ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಹಾವಿಗೆ ತೂತು ಬೇಕಿಲ್ಲ, ಗೇಟಿನಡಿ ಈಗಲೂ ಬರುತ್ತದೆ ಅಂದೆ. ಕಂಡರೆ ಯಾರಿಗೆ ಫೋನ್ ಮಾಡಬೇಕು ಅಂತ ಬರೆದುಕೊಟ್ಟೆ. ಇಡೀ ಗೋಡೆಗೆ ಕೇಳಿದ್ದು ಎಂಟು ತೂತು, ಸಿಕ್ಕಿದ್ದು ಮೂರು. ಅಜ್ಜಿಯ ಮನೆಯದು ಅದರಲ್ಲಿ ಒಂದು.

ಅಳಿಲಿನ ಮರಸಾಲು ಎಲ್ಲಕ್ಕಿಂತ ಅಗ್ಗವಾಯಿತು. ಕೊಂಬೆ ಕತ್ತರಿಸುವವರು ರಸ್ತೆಯ ಮೇಲೆ ಒಂದನ್ನೊಂದು ಮುಟ್ಟುವ ಕೊಂಬೆಗಳನ್ನು ಬಿಡಬೇಕು, ಅಷ್ಟೇ. ಅಂತರ ಜಾಸ್ತಿ ಇದ್ದ ಎರಡು ಕಡೆ ಹಗ್ಗದ ಸೇತುವೆ ಕಟ್ಟಿದೆವು.

ಫಲ ಏನು ಅಂತ ಎಲ್ಲರೂ ಕೇಳುತ್ತಾರೆ. ಮೋರಿಯ ಹಲಗೆಯನ್ನು ಮೊದಲು ಬಳಸಿದ್ದು ಇಲಿ. ಆಮೇಲೆ ಮುಂಗುಸಿ. ಕಾಡುಬೆಕ್ಕು ಎರಡನೆಯ ಮಳೆಗಾಲದವರೆಗೂ ಅದರ ಮೇಲೆ ಕಾಲಿಡಲಿಲ್ಲ. ಕೆನಡಾದ ಬ್ಯಾನ್ಫ್‌ನಲ್ಲಿ ಪ್ರಾಣಿಗಳು ಹೆದ್ದಾರಿ ದಾಟಲೆಂದೇ 6 ಮೇಲ್ಸೇತುವೆ, 38 ಕೆಳದಾರಿ ಇವೆ. ಅಲ್ಲಿ ಗ್ರಿಜ್ಲಿ ಕರಡಿಗಳು ಅವುಗಳಿಗೆ ಒಗ್ಗಿಕೊಳ್ಳಲು ವರ್ಷಗಳೇ ಬೇಕಾದವು. ಇದು ಗೊತ್ತಿದ್ದದ್ದಕ್ಕೆ ‘ಮೂರು ತಿಂಗಳಾಯ್ತು, ಏನೂ ಬಂದಿಲ್ಲ’ ಅಂದವರಿಗೆ ಉತ್ತರ ಕೊಡೋಕಾಯಿತು. ನಾಯಿಗಳೂ ಆ ದಾರಿ ಹಿಡಿದಿವೆ. ಹತ್ತಿರದ ಕಸದ ರಾಶಿ ಜಾಗ ಬದಲಾಗುವವರೆಗೆ ಅದಕ್ಕೆ ನನ್ನ ಬಳಿ ಔಷಧಿ ಇಲ್ಲ. ಇನ್ನೊಂದು ಕೊರಗು, ಕೆಲಸಕ್ಕೆ ಮುಂಚಿನ ಒಂದು ವರ್ಷದ ಲೆಕ್ಕವನ್ನು ನಾನು ಇಟ್ಟುಕೊಳ್ಳಲೇ ಇಲ್ಲ. ಈಗ ಸಾವು ಕಡಿಮೆಯಾಗಿದೆ ಅಂತ ನನಗೆ ಅನ್ನಿಸುತ್ತದೆ. ಅನ್ನಿಸೋದು ಬೇರೆ, ತೋರಿಸೋದು ಬೇರೆ.

ಖಾಲಿ ಸೈಟುಗಳಲ್ಲಿ ಒಂದು ಹೋಯಿತು. ಪಾಯ ತೋಡಿದ ದಿನವೇ ಆ ಚೌಕಗಳಿಗೆ 100 ಹಾಕಿ ನಕ್ಷೆಯನ್ನು ಮತ್ತೆ ಓಡಿಸಿದೆ. ಕರೆಂಟು ಪಕ್ಕಕ್ಕೆ ಸರಿದು, ನಾನು ಎಂದೂ ಗಮನಿಸದ ಒಂದು ಸಂದಿಯಲ್ಲಿ ಒತ್ತರಿಸಿತು. ಅದೇ ಪಂಪ್‌ಹೌಸಿನ ಹಿಂಬದಿ. ಮುಂದಿನ ವಾರ ಅಲ್ಲಿ ಕ್ಯಾಮೆರಾ ಕಟ್ಟಬೇಕು. ಅದಕ್ಕೂ ಮೊದಲು ರಾತ್ರಿ ಪಾಳಿಯವರನ್ನು ಒಂದು ಮಾತು ಕೇಳಬೇಕು.