ಕ್ಯಾರಿಯರ್ ಬೋಲ್ಟ್ ತುಂಡಾದಾಗ ನಾನು ಮಾಡಿದ್ದು

ಸೈಕಲ್ ಟೂರಿನ ಒಂಬತ್ತನೇ ದಿನ ಹಿಂದಿನ ಕ್ಯಾರಿಯರ್ ಟಕ್ ಅಂತ ಒಂದು ಕಡೆ ವಾಲಿತು. ಇಳಿದು ನೋಡಿದರೆ ಚೈನ್ ಇರುವ ಕಡೆಯ ಕೆಳಗಿನ ಬೋಲ್ಟ್‌ಗೆ ತಲೆಯೇ ಇಲ್ಲ! ಉಳಿದ ತುಂಡು ಫ್ರೇಮಿನ ತೂತಿನಲ್ಲೇ ಕೂತಿತ್ತು.

ಭಾರ ಜಾಸ್ತಿಯಾಗಿ ಮುರಿಯಿತು ಅಂದುಕೊಂಡೆ. ಮುರಿದ ಜಾಗ ಬೇರೆಯೇ ಹೇಳಿತು. ಮುಕ್ಕಾಲು ಭಾಗ ನುಣ್ಣಗೆ, ಮಾಸಲು ಬಣ್ಣ. ಉಳಿದ ಕಾಲು ಭಾಗ ಒರಟು, ಹೊಸ ಹೊಳಪು. ಅಂದರೆ ಬಿರುಕು ಬಿಟ್ಟು ಎಷ್ಟೋ ದಿನ ಆಗಿತ್ತು. ಬೋಲ್ಟ್ ಮೊದಲು ಸಡಿಲವಾಗಿದೆ, ಆಮೇಲೆ ಕ್ಯಾರಿಯರ್ ಅಲುಗಾಡುತ್ತಾ ಅದನ್ನು ಬಗ್ಗಿಸಿ ಬಗ್ಗಿಸಿ ಮುರಿದಿದೆ.

ಪುಣ್ಯಕ್ಕೆ ತುಂಡಿನ ತುದಿ ಒಳಬದಿಗೆ ಚೂರು ಚಾಚಿತ್ತು. ಚಕ್ರ ಬಿಚ್ಚಿ, ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ ತೆಗೆದೆ. ಬದಲಿ ಬೋಲ್ಟ್ ಇರಲಿಲ್ಲ. ಆಗ ನೆನಪಾಗಿದ್ದು ನೀರಿನ ಬಾಟಲಿಯ ಕೇಜ್. ಅದಕ್ಕೂ ಸಾಮಾನ್ಯವಾಗಿ ಎಂ5, ಅಂದರೆ 5 ಮಿ.ಮೀ. ದಪ್ಪದ ಬೋಲ್ಟೇ ಅಲ್ವಾ? ಒಂದನ್ನು ಬಿಚ್ಚಿ ಹಾಕಿದೆ, ಸರಿಯಾಗಿ ಕೂತಿತು. ಬಾಟಲಿ ಟೆಂಟ್ ಚೀಲಕ್ಕೆ ಹೋಯಿತು.

ಊರಿಗೆ ಬಂದ ಮೇಲೆ ನಾಲ್ಕೂ ಬೋಲ್ಟ್ ಬದಲಿಸಿದೆ. ಬೋಲ್ಟಿನ ಸುರುಳಿ ಗೆರೆಗಳಿಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ ಒಂದು ದಿನ ಗಟ್ಟಿಯಾಗಲು ಬಿಟ್ಟೆ. ನೀಲಿಯದೇ ಬೇಕು, ಕೆಂಪು ಹಾಕಿದರೆ ಆಮೇಲೆ ಬಿಚ್ಚೋದು ಕಷ್ಟ. ಚೈನ್ ಕಡೆ ಬೋಲ್ಟ್ ಉದ್ದವಾದರೆ ಚೈನಿಗೆ ತಾಗುತ್ತದೆ, ಹಾಗಾಗಿ ಅಳೆದೇ ಹಾಕಿದೆ.

ಈಗ ಟೂರಿನಲ್ಲಿ ಟೆಂಟ್ ಮಡಚಿದ ತಕ್ಷಣ ಅಲೆನ್ ಕೀ ಹಿಡಿದು ನಾಲ್ಕನ್ನೂ ಮುಟ್ಟಿ ನೋಡುತ್ತೇನೆ. ಬದಲಿ ಬೋಲ್ಟ್ ಎರಡು, ಹ್ಯಾಂಡಲ್ ಬ್ಯಾಗಿನಲ್ಲೇ ಇವೆ.