ವೋಲ್ಟೇಜ್, ಕರೆಂಟ್ ಗೊತ್ತಿದ್ದರೆ ಓಮ್ ಎಷ್ಟು, ವ್ಯಾಟ್ ಎಷ್ಟು?

ದೀಪಾವಳಿ ಹತ್ತಿರ ಬಂದರೆ ಗೂಡುದೀಪ ಕಟ್ಟುವ ಮಕ್ಕಳು ನಮ್ಮ ಮನೆಗೆ ಬರುತ್ತಾರೆ. ಬಿದಿರಿನ ಕಡ್ಡಿ, ಬಣ್ಣದ ಕಾಗದ, ಬಾಲ ಎಲ್ಲ ಚಂದ ಮಾಡಿರುತ್ತಾರೆ, ಒಳಗಿನ ಎಲ್‌ಇಡಿ ಮಾತ್ರ ಸುಟ್ಟಿರುತ್ತದೆ. ಹೋದ ವರ್ಷ ಅಕ್ಕನ ಮಗ ತಂದದ್ದೂ ಹಾಗೆಯೇ. "ಮಾವ, ಲೆಕ್ಕ ಸರಿ ಉಂಟು" ಎಂದು ಚೀಟಿ ತೋರಿಸಿದ. 12 ÷ 1 = 12 ಓಮ್. ಭಾಗಾಕಾರ ಸರಿಯೇ. ಆ 1 ಎಲ್ಲಿಂದ ಬಂತು ಎಂದು ಕೇಳಿದರೆ ಅಡಾಪ್ಟರ್ ಮೇಲೆ '12 ವೋಲ್ಟ್, 1 ಆಂಪ್' ಎಂದು ಬರೆದದ್ದನ್ನು ತೋರಿಸಿದ. ತಪ್ಪಿದ್ದು ಅಲ್ಲೇ. ದೊಡ್ಡವರೂ ಇಲ್ಲೇ ಎಡವುವುದನ್ನು ತುಂಬ ಸಲ ನೋಡಿದ್ದೇನೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಸೂತ್ರ ಎರಡೇ. ವೋಲ್ಟೇಜನ್ನು ಕರೆಂಟ್‌ನಿಂದ ಭಾಗಿಸಿದರೆ ರೆಸಿಸ್ಟೆನ್ಸ್ (ಕರೆಂಟ್ ಹರಿಯಲು ಇರುವ ಅಡ್ಡಿ), ಓಮ್‌ನಲ್ಲಿ. ಎರಡನ್ನೂ ಗುಣಿಸಿದರೆ ಪವರ್, ವ್ಯಾಟ್‌ನಲ್ಲಿ. ಮೊದಲನೆಯದು ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ್ದು. ಇದು ಹೈಸ್ಕೂಲಿನಲ್ಲೇ ಬರುತ್ತದೆ, ಅಲ್ವಾ? ಕಷ್ಟ ಇರುವುದು ಸೂತ್ರಕ್ಕೆ ಯಾವ ಅಂಕಿ ಹಾಕಬೇಕು ಎಂಬಲ್ಲಿ.

ಯಾವ ವಸ್ತುವಿನ ಲೆಕ್ಕವೋ, ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ ಬೇಕು. ಅದರೊಳಗೆ ಅದೇ ಹೊತ್ತಿಗೆ ಹರಿಯುವ ಕರೆಂಟ್ ಬೇಕು. ಅಡಾಪ್ಟರ್ ಮೇಲಿನ 1 ಆಂಪ್ ಅಂದರೆ ಅದು ಹೆಚ್ಚೆಂದರೆ ಅಷ್ಟು ಕೊಡಬಲ್ಲದು ಎಂದರ್ಥ, ಅಷ್ಟನ್ನೂ ಎಲ್‌ಇಡಿಗೆ ತಳ್ಳುತ್ತದೆ ಎಂದಲ್ಲ. ಸಣ್ಣ ಬಿಳಿ ಎಲ್‌ಇಡಿಗೆ ಸುಮಾರು 20 ಮಿಲಿಆಂಪ್ ಸಾಕು. ಅದರ ತುದಿಗಳ ನಡುವೆ ಸುಮಾರು 3 ವೋಲ್ಟ್ ನಿಲ್ಲುತ್ತದೆ. ಹಾಗಾದರೆ ಕರೆಂಟ್ ತಡೆಯಲು ಎಲ್‌ಇಡಿಯ ಜೊತೆ ಒಂದೇ ಸಾಲಿನಲ್ಲಿ ಜೋಡಿಸುವ ರೆಸಿಸ್ಟರ್ ಪಾಲಿಗೆ ಬರುವುದು 12 ಅಲ್ಲ, 9 ವೋಲ್ಟ್.

ಈಗ ಮಿಲಿಆಂಪನ್ನು ಆಂಪ್ ಮಾಡಿ. 20ನ್ನು 1000ದಿಂದ ಭಾಗಿಸಿ, 0.02. ಇದನ್ನು ಬಾಯಲ್ಲಿ ಮಾಡಬೇಡಿ, ಕಾಗದದ ಮೇಲೆ ಬರೆಯಿರಿ. ಸುಮ್ನೆ 20 ಅಂತ ಹಾಕಿದರೆ 0.45 ಓಮ್ ಬರುತ್ತದೆ, 0.2 ಹಾಕಿದರೆ 45. ಎರಡರಲ್ಲೂ ಎಲ್‌ಇಡಿ ಉಳಿಯುವುದಿಲ್ಲ. ಸರಿಯಾದದ್ದು 9 ÷ 0.02 = 450 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 470 ಓಮ್, ಮೇಲೆ ಹಳದಿ, ನೇರಳೆ, ಕಂದು ಪಟ್ಟೆ ಇರುತ್ತದೆ. ಲೆಕ್ಕದ ಅಂಕಿ ಸಿಗದಿದ್ದರೆ ಯಾವಾಗಲೂ ಅದಕ್ಕಿಂತ ದೊಡ್ಡದನ್ನೇ ತೆಗೆದುಕೊಳ್ಳಿ. ಅಕ್ಕನ ಮಗನ 12 ಓಮ್‌ನಲ್ಲಿ 9 ÷ 12, ಅಂದರೆ 0.75 ಆಂಪ್‌ನಷ್ಟು ಹರಿಯಲು ದಾರಿಯಾಗಿತ್ತು. ಬೇಕಾದದ್ದಕ್ಕಿಂತ ಮೂವತ್ತೇಳು ಪಟ್ಟು ಜಾಸ್ತಿ.

ಇನ್ನು ಪವರ್. 9 × 0.02 = 0.18 ವ್ಯಾಟ್, ಕಾಲು ವ್ಯಾಟ್‌ನ ರೆಸಿಸ್ಟರ್ ಸಾಕು.

ಅಡಾಪ್ಟರ್ ಮೇಲೆ ಬರೆದ 12ನ್ನೂ ಹಾಗೇ ನಂಬಬೇಡಿ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಅಗ್ಗದ ಹಳೇ ಮಾದರಿಯವು ಏನನ್ನೂ ಜೋಡಿಸದೆ ಖಾಲಿ ಇರುವಾಗ 15–16 ವೋಲ್ಟ್ ಕೊಡುವುದುಂಟು.

ಜೋಡಿಸಿದ ಮೇಲೆ ಕರೆಂಟ್ ಸರಿ ಇದೆಯಾ ನೋಡಲು ವೈರ್ ಕತ್ತರಿಸಿ ನಡುವೆ ಮಲ್ಟಿಮೀಟರ್ ಸೇರಿಸುವ ಕೆಲಸವೇ ಬೇಡ. ರೆಸಿಸ್ಟರ್‌ನ ಎರಡು ಕಾಲಿಗೆ ಮೀಟರ್ ಕಡ್ಡಿ ಮುಟ್ಟಿಸಿ ವೋಲ್ಟೇಜ್ ನೋಡಿ. 9 ತೋರಿಸಿದರೆ 9 ÷ 470, ಸುಮಾರು 19 ಮಿಲಿಆಂಪ್. ನಾನು ಯಾವಾಗಲೂ ಹೀಗೇ ನೋಡುವುದು. ಯಾಕೆಂದರೆ ಕರೆಂಟ್ ಅಳೆಯಲು ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿದವರು ಅದನ್ನು ವಾಪಸ್ ಬದಲಿಸಲು ಮರೆಯುತ್ತಾರೆ, ಆಮೇಲೆ ಅದೇ ಮೀಟರನ್ನು ಗೋಡೆಯ ಪಾಯಿಂಟ್‌ಗೆ ಹಿಡಿಯುತ್ತಾರೆ. ಅದು ನೇರ ಶಾರ್ಟ್. ಅಗ್ಗದ ಹಳದಿ ಮೀಟರ್‌ಗಳಲ್ಲಿ ಆ ತೂತಿನ ಪಕ್ಕದಲ್ಲಿ 'ಅನ್‌ಫ್ಯೂಸ್ಡ್' ಎಂದೇ ಬರೆದಿರುತ್ತದೆ, ಒಳಗೆ ಕಾಪಾಡಲು ಫ್ಯೂಸ್ ಕೂಡ ಇಲ್ಲ. ಅಂಥ ಮೀಟರ್ ಬ್ಯಾಟರಿ, ಅಡಾಪ್ಟರ್‌ಗೆ ಮಾತ್ರ ಇರಲಿ ಮಾರಾಯ್ರೆ. ಮನೆಯ 230 ವೋಲ್ಟ್‌ಗೆ ಬೇಡವೇ ಬೇಡ. ಪವರ್ ಇರುವಾಗ ಓಮ್ ಅಳೆಯುವುದೂ ಬೇಡ.

ದೊಡ್ಡ ಸಾಮಾನಿನ ಲೆಕ್ಕವನ್ನು ಅದರ ಮೇಲಿನ ಚೀಟಿ ನೋಡಿ ಕಾಗದದಲ್ಲೇ ಮಾಡಿ. 2000 ವ್ಯಾಟ್ ಗೀಸರ್‌ಗೆ 230 ವೋಲ್ಟ್‌ನಲ್ಲಿ 2000 ÷ 230 = 8.7 ಆಂಪ್, ಅಂದರೆ 230 ÷ 8.7 = 26.4 ಓಮ್. ಮಳೆಗಾಲದಲ್ಲಿ ವೋಲ್ಟೇಜ್ 200ಕ್ಕೆ ಇಳಿಯಿತು ಅಂತ ಇಟ್ಟುಕೊಳ್ಳಿ. 'ವೋಲ್ಟೇಜ್ ಕಡಿಮೆಯಾದರೆ ಗೀಸರ್ ಜಾಸ್ತಿ ಕರೆಂಟ್ ಎಳೆಯುತ್ತದೆ' ಎಂದು ಹೇಳುವವರಿದ್ದಾರೆ. ಇಲ್ಲ. ಕಾಯಿಲ್‌ನ ಓಮ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಕರೆಂಟ್ 7.6ಕ್ಕೆ ಇಳಿಯುತ್ತದೆ. ಪವರ್ 1500ರ ಆಸುಪಾಸಿಗೆ ಬರುತ್ತದೆ. ನೀರು ನಿಧಾನ ಕಾಯುವುದು ಅದಕ್ಕೇ.

ತೋಟದ ಪಂಪಿಗೆ ಈ ಲೆಕ್ಕ ಹಾಕಬೇಡಿ. ಮೋಟಾರಿನಲ್ಲಿ ಪವರ್ ಫ್ಯಾಕ್ಟರ್ ಬರುತ್ತದೆ. ವೋಲ್ಟೇಜನ್ನು ಕರೆಂಟ್‌ಗೆ ಗುಣಿಸಿದಷ್ಟು ವ್ಯಾಟ್ ಅಲ್ಲಿ ಇರುವುದಿಲ್ಲ. ಹಳೇ ಫಿಲಮೆಂಟ್ ಬಲ್ಬ್‌ನಲ್ಲೂ ಎಚ್ಚರ. 100 ವ್ಯಾಟ್ ಬಲ್ಬ್ ಉರಿಯುವಾಗ 529 ಓಮ್, ತಣ್ಣಗಿರುವಾಗ ಮೀಟರ್ ಹಿಡಿದರೆ ಅದರ ಹತ್ತನೇ ಒಂದು ಭಾಗವೂ ತೋರಿಸುವುದಿಲ್ಲ.

ಕರಾವಳಿಯವರು ಇನ್ನೊಂದು ಲೆಕ್ಕವನ್ನೂ ಮಾಡಿ ನೋಡಬೇಕು. ಇಲ್ಲಿನ ಉಪ್ಪುಗಾಳಿಗೆ, ತೇವಕ್ಕೆ ಪ್ಲಗ್ ಪಿನ್, ಸಾಕೆಟ್ ಕಿಲುಬು ಹಿಡಿಯುತ್ತದೆ. ಆ ಜಾಗದಲ್ಲಿ ಬರೀ 0.2 ಓಮ್ ಸೇರಿಕೊಂಡಿತು ಅನ್ನಿ. ಅಲ್ಲಿ ಹಾಕಬೇಕಾದ ವೋಲ್ಟೇಜ್ 230 ಅಲ್ಲ, ಆ ಕಿಲುಬಿನ ಎರಡು ಬದಿಯ ನಡುವಿನದು. 8.7 × 0.2 = 1.74 ವೋಲ್ಟ್. ಅದಕ್ಕೆ 8.7 ಗುಣಿಸಿದರೆ 15 ವ್ಯಾಟ್. ಒಂದು ಸಣ್ಣ ಸೋಲ್ಡರಿಂಗ್ ಐರನ್ ಕಾಯುವಷ್ಟು ಬಿಸಿ, ಗೀಸರ್ ಉರಿಯುವಷ್ಟು ಹೊತ್ತೂ ಆ ಪಿನ್ನಿನ ಬುಡದಲ್ಲಿ. ಪ್ಲಗ್‌ನ ಬಿಳಿ ಪ್ಲಾಸ್ಟಿಕ್ ಪಿನ್ನಿನ ಸುತ್ತ ಕಂದು ತಿರುಗಿದ್ದರೆ ಮೇನ್ ಆರಿಸಿ, ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಬದಲಿಸುವವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.